ಬೀಗದಕೈ ನನ್ನ ಹತ್ತಿರವೇ ಉಳಿಯಿತು

ಸೆಪ್ಟೆಂಬರ್ ೧೨, ಗುರುವಾರ

ಇವತ್ತು ಸುಲೋನ ಬಂದೂಕು ಮಾರಿದೆ.

ಬರೆದು ನೋಡಿದರೆ ಎಷ್ಟು ಸಣ್ಣ ಮಾತು. ಬೆಳಿಗ್ಗೆ ಅಡುಗೆಮನೆಯ ಬಾಗಿಲ ಮೇಲಿನ ಗೂಟಗಳಿಂದ ಅದನ್ನು ಇಳಿಸಿ, ಧೂಳು ಒರೆಸಿ, ನಮ್ಮ ಬೇಟೆ ಸಾಮಾನಿನ ಅಂಗಡಿಯಲ್ಲಿ ಉಳಿದ ಬಂದೂಕುಗಳ ಸಾಲಿಗೆ ನಿಲ್ಲಿಸಿದೆ. ಏಪ್ರಿಲ್‌ನಲ್ಲಿ ಸುಲೊ ತೀರಿಕೊಂಡಾಗಿನಿಂದ ದಿನವೂ ಕಾಫಿ ಲೋಟ ಹಿಡಿದು ಅದರ ಕೆಳಗೇ ಓಡಾಡಬೇಕು. ಗಂಡ ಇಲ್ಲ, ಗಂಡನ ಬಂದೂಕು ಮಾತ್ರ ಗಟ್ಟಿಮುಟ್ಟಾಗಿದೆ. ಇದು ಯಾವ ನ್ಯಾಯ? ಸಿಟ್ಟು ಬಂತು, ಇಳಿಸಿದೆ, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಗಿರಾಕಿ ಬಂದೇಬಿಟ್ಟ. ನಮ್ಮ ಬಡಗಣ ಮಿಶಿಗನ್ನನ್ನು ತೆಂಕಣಕ್ಕೆ ಸೇರಿಸುವ ಉದ್ದ ಸೇತುವೆಯಿಂದ ಕೆಳಗಿನವನು. ತೆಂಕಣ ಮಿಶಿಗನ್ನಿನವರನ್ನೆಲ್ಲ ನಾವು ಸೇತುವೆ ಕೆಳಗಿನ ಭೂತಗಳು ಅಂತಲೇ ಕರೆಯುವುದು. ವಯಸ್ಸಾದ ಭೂತ, ಹಸಿರು ಟೋಪಿ. ಹೆಸರು ಹಾರ್ಲನ್ ಬೋಸ್ಮಾ ಎಂದು ಅರ್ಜಿಯಲ್ಲಿ ಬರೆದ. ಮುಖ ಸರಿಯಾಗಿ ನೋಡಿದ ನೆನಪಿಲ್ಲ. ಸಾಲಿನಲ್ಲಿ ಹೊಳೆಯುವ ಹೊಸ ಬಂದೂಕು ಅಷ್ಟಿದ್ದರೂ ನೆಟ್ಟಗೆ ಹೋಗಿ ಸುಲೋನದನ್ನೇ ಮುಟ್ಟಿದ. ಕೆಳಗಿನ ಕೊಂಡಿ ಎಳೆದು ಬಿಟ್ಟು ಗುಂಡು ತುಂಬುವ ಹಳೇ ಕಾಲದ ಬಂದೂಕು, ಈಗಿನವರು ಅದನ್ನು ಕೇಳುವುದೇ ಅಪರೂಪ. ಭುಜಕ್ಕೇರಿಸಿ ನೋಡಲು ಕೂಡ ನಾನು ಬಿಡಲಿಲ್ಲ. ಫೋನಿನಲ್ಲಿ ಸರ್ಕಾರದ ಅನುಮತಿ ಬಂದ ತಕ್ಷಣ ಬೀಗ ತೆಗೆದುಕೊಂಡೆ.

"ಬೀಗ ಬೇಡ ಮೇಡಂ," ಅಂದ. "ಮನೇಲಿ ಒಂದು ಡ್ರಾಯರ್ ತುಂಬ ಬಿದ್ದಿವೆ."

"ರಸೀದಿ ಇದ್ಯಾ?"

"ಬೀಗಕ್ಕೆ ಯಾರಾದ್ರೂ ರಸೀದಿ ಇಟ್ಕೋತಾರಾ?"

"ಹಾಗಾದ್ರೆ ಇದನ್ನ ತಗೊಳ್ಳಿ. ಬೀಗ ಇಲ್ದೆ ಬಂದೂಕು ಈ ಬಾಗಿಲು ದಾಟೋ ಹಾಗಿಲ್ಲ."

ನಮ್ಮ ರಾಜ್ಯದ ಕಾನೂನು ಅದು. ಅಂಗಡಿಯವರು ಮಾರುವ ಪ್ರತಿ ಬಂದೂಕಿನ ಜೊತೆ ಬೀಗವನ್ನೋ, ಬೀಗ ಹಾಕುವ ಪೆಟ್ಟಿಗೆಯನ್ನೋ ಕೊಡಬೇಕು, ಕೊಂಡವನು ತನ್ನದೇ ತಂದರೆ ರಸೀದಿಯ ಪ್ರತಿ ಇಟ್ಟುಕೊಳ್ಳಬೇಕು, ಕೊನೆಗೆ ಇಬ್ಬರೂ ಸಹಿ ಹಾಕಬೇಕು. ಗೋಡೆಯ ಮೇಲೆ ಅದರ ನೋಟಿಸು ವಾರೆಯಾಗಿ ನೇತಾಡುತ್ತಿದೆ. ಬೀಗದ ದಪ್ಪ ತಂತಿಯನ್ನು ಬಂದೂಕಿನ ಒಳಗಿಂದ ತೂರಿಸಿ, ಬೀಗ ಒತ್ತಿ, ಮೇಜಿನ ಮೇಲಿದ್ದ ಬೀಗದಕೈ ಅವನ ಕೈಗೆ ಹಾಕಿದೆ. ಹೋದ.

ನಮ್ಮ ಮನೆಯಲ್ಲಿದ್ದಷ್ಟು ಕಾಲ ಅದು ಬೀಗ ಕಂಡಿರಲಿಲ್ಲ. ಮನೆ ಬಿಡುವ ದಿನ ಕಂಡಿತು. ರಾತ್ರಿಗೆ ಡಬ್ಬಿಯ ಸೂಪು.

ಸೆಪ್ಟೆಂಬರ್ ೧೪, ಶನಿವಾರ

ಸುಲೋನ ಅಣ್ಣ ಆರ್ವೊ ಭಾವ ಬಂದಿದ್ದರು. ಹಿತ್ತಲಿನ ಬೆವರುಸ್ನಾನದ ಕೋಣೆಗೆ, ಸೌನಾಕ್ಕೆ, ಒಲೆ ಹಾಕಲೋ ಎಂದು ಕೇಳಿದರು. ಬೇಡ ಅಂದೆ. ಏಪ್ರಿಲ್‌ನಿಂದ ಪ್ರತಿ ಶನಿವಾರ ಅವರು ಕೇಳುತ್ತಾರೆ, ನಾನು ಬೇಡ ಅನ್ನುತ್ತೇನೆ, ಅವರು ಕಾಫಿ ಕುಡಿದು ಹೋಗುತ್ತಾರೆ. ಇವತ್ತು ಲೋಟ ಎತ್ತುವಾಗ ಕಣ್ಣು ಬಾಗಿಲ ಮೇಲಕ್ಕೆ ಹೋಯಿತು.

"ಎಲ್ಲಿ ಅದು?"

"ಮಾರ್ದೆ ಭಾವ."

"ಯಾರಿಗೆ?"

"ಕೆಳಗಿನೋನಿಗೆ."

"ಅಯ್ಯೋ ದೇವ್ರೇ. ಜಿಂಕೆ ಅಂತ ಹಸೂಗೆ ಹೊಡಿಯೋ ಜನ ಅವ್ರು!" ಆಮೇಲೆ ದನಿ ಇಳಿಯಿತು. "ನಮ್ಮಪ್ಪನ ಬಂದೂಕು ಅದು, ಲೋರ್ನಾ. ನನ್ನ ಒಂದು ಮಾತು ಕೇಳ್ಬಹುದಿತ್ತು."

ಕೇಳಬಹುದಿತ್ತು. ಕೇಳಲಿಲ್ಲ. ಕಾಡಿನಲ್ಲಿರುವ ನಮ್ಮವರ ಬೇಟೆ ಕ್ಯಾಂಪಿನಲ್ಲಿ ಸುಲೋನ ಮಂಚ ಈ ವರ್ಷ ಖಾಲಿ ಬಿಡುತ್ತೇವೆ ಎಂದರು. ಸತ್ತವನ ಮಂಚದಲ್ಲಿ ಒಂದು ಹಂಗಾಮು ಯಾರೂ ಮಲಗುವುದಿಲ್ಲ, ಅಲ್ಲಿನ ಪದ್ಧತಿ. ಕಾಫಿ ಪೂರ್ತಿ ಕುಡಿಯದೆ ಎದ್ದು ಹೋದರು.

ಅವರು ಹೋದ ಮೇಲೆ ತಲೆಗೆ ಬಂದದ್ದು ಬರೆದುಬಿಡುತ್ತೇನೆ. ಆ ಬಂದೂಕಿನ ಹಿಂಬದಿಯ ಮರದಲ್ಲಿ, ಎಡಮಗ್ಗುಲಿಗೆ, ಕೆನ್ನೆ ಒತ್ತುವ ಜಾಗದಲ್ಲಿ ವಾರ್ನಿಶ್ ಪೂರ್ತಿ ಹೋಗಿತ್ತು. ಮರ ನುಣುಪಾಗಿ, ಸ್ವಲ್ಪ ಕಪ್ಪಾಗಿತ್ತು. ನಮ್ಮ ಮದುವೆಗೆ ಮುಂಚಿನಿಂದ ಪ್ರತಿ ನವೆಂಬರಿನಲ್ಲಿ ಸುಲೋನ ಬಲಗೆನ್ನೆ ಕೂತ ಜಾಗ ಅದು. ಅವನ ಅಂಗಿಗಳನ್ನು ಚರ್ಚಿಗೆ ಕೊಟ್ಟೆ, ಒಗೆದು ಕೊಟ್ಟೆ, ಪೆದ್ದಿ. ದಿಂಬು ಕೊಟ್ಟೆ. ಅವನ ಮೈ ತಾಗಿ ತಾಗಿ ಆದ ಗುರುತು ಈ ಲೋಕದಲ್ಲಿ ಅದೊಂದೇ ಉಳಿದಿತ್ತು, ಅದನ್ನು ಹಸಿರು ಟೋಪಿಯವನಿಗೆ ಕೊಟ್ಟೆ.

ಕೊಡುವ ಮುಂಚೆ ಒಂದು ಸಲ ನನ್ನ ಕೆನ್ನೆ ಅಲ್ಲಿಟ್ಟು ನೋಡಬಹುದಿತ್ತು. ನನಗೆ ಅದು ವಾಪಸು ಬೇಕು.

ಸೆಪ್ಟೆಂಬರ್ ೧೫, ಭಾನುವಾರ

ಬೇಕು.

ಸೆಪ್ಟೆಂಬರ್ ೨೪, ಮಂಗಳವಾರ

ಇವತ್ತು ನಡೆದದ್ದನ್ನು ಸಾವಧಾನವಾಗಿ ಬರೆಯಬೇಕು.

ಶಾಲೆಯ ಸಂಗೀತದ ಮೇಡಂ ಕಾಡುಕೋಳಿ ಹೊಡೆಯಲು ಬಂದೂಕು ಕೊಳ್ಳಲು ಬಂದಿದ್ದಳು, ಮೊದಲನೇ ಬಂದೂಕು. ಹೊಸಬಳಲ್ಲವೇ ಎಂದು ಸುಲೋನ ಪದ್ಧತಿಯಂತೆ ಮಾಡಿದೆ. ಬೀಗ ಕೊಟ್ಟರೆ ಸರ್ಕಾರಕ್ಕೆ ಸಾಕು, ಸುಲೋನಿಗೆ ಸಾಕಾಗುತ್ತಿರಲಿಲ್ಲ. ತಾನೇ ಬೀಗ ಹಾಕಿ, ಬಂದೂಕು ಗಿರಾಕಿಯ ಮುಂದಿಟ್ಟು, "ಈಗ ನೀವು ತೆಗೀರಿ" ಅನ್ನುತ್ತಿದ್ದ. ಗಿರಾಕಿ ತನ್ನ ಕೈಯಾರೆ ತೆಗೆದು, ಮತ್ತೆ ಹಾಕಿ ತೋರಿಸಿದ ಮೇಲೆಯೇ ಬಿಲ್ ಬರೆಯುತ್ತಿದ್ದ. ಎಷ್ಟೋ ಮಂದಿ ನಗುತ್ತಿದ್ದರು. ಮನೆಗೆ ಹೋಗಿ ಆ ಬೀಗವನ್ನು ದೋಣಿಗೋ, ಕರಡಿ ಬಾಯಿ ಹಾಕುವ ಕಸದ ಪೆಟ್ಟಿಗೆಗೋ ಹಾಕುತ್ತಿದ್ದರು. ಈ ಊರಿನ ಅರ್ಧ ದೋಣಿಗಳಿಗೆ ಇರುವುದು ಬಂದೂಕಿನ ಬೀಗವೇ.

ಸಂಗೀತದ ಮೇಡಂ ಬೀಗದಕೈ ತಿರುಗಿಸಿದಳು. ತಿರುಗಲಿಲ್ಲ. ನಾನು ತಿರುಗಿಸಿದೆ. ಊಹೂಂ. ಮೇಜಿನ ಮೇಲೆ ಬಿಚ್ಚಿಟ್ಟ ಬೀಗ, ಹರಿದ ಪೊಟ್ಟಣ, ಮೀನಿನ ಗಾಳ, ಹಳೇ ಪತ್ರಿಕೆ ಎಲ್ಲ ಏಪ್ರಿಲ್‌ನಿಂದ ಕಲಸಿಕೊಂಡು ಬಿದ್ದಿದೆ. ಕೊನೆಗೆ ಇಕ್ಕಳದಿಂದ ತಂತಿ ಕತ್ತರಿಸಿ ಅವಳಿಗೆ ಬೇರೆ ಬೀಗ ಕೊಟ್ಟು ಕಳಿಸಿದೆ. ಆಮೇಲೆ ಆ ಬೀಗದಕೈಗಳನ್ನು ನೋಡುತ್ತ ನಿಂತವಳಿಗೆ ಹೊಳೆಯಿತು. ಇವು ಸುಲೋನ ಬಂದೂಕಿಗೆ ಹಾಕಿದ ಬೀಗದವು. ನಾನೀಗ ಕತ್ತರಿಸಿದ ಬೀಗದ ಕೈಗಳು ಬೋಸ್ಮಾನ ಜೇಬಿನಲ್ಲಿವೆ. ಸುಲೋನ ಪದ್ಧತಿ ಅವತ್ತು ಮಾಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಅವನನ್ನು ಓಡಿಸುವ ಅವಸರದಲ್ಲಿ ಮಾಡಲಿಲ್ಲ.

ಬಂದೂಕು ಅವನ ಹತ್ತಿರ, ಅದರ ಬಾಯಿ ನನ್ನ ಹತ್ತಿರ. ನಗು ಬಂತು. ಒಬ್ಬಳೇ ಅಂಗಡಿಯಲ್ಲಿ ನಿಂತು ನಕ್ಕೆ.

ಸೆಪ್ಟೆಂಬರ್ ೨೫, ಬುಧವಾರ

ಅವನ ನಂಬರು ಅರ್ಜಿಯಲ್ಲಿದೆ. ಫೋನು ಮಾಡಬೇಕು. ಮಾಡುವುದು ಧರ್ಮ.

ನಾಳೆ ಮಾಡಿದರಾಯಿತು.

ಅಕ್ಟೋಬರ್ ೬, ಭಾನುವಾರ

ನಾನು ಮಾಡಲಿಲ್ಲ, ಅವನೇ ಮಾಡಿದ.

"ಮೇಡಂ, ಬೋಸ್ಮಾ ಮಾತಾಡೋದು. ನೀವು ಕೊಟ್ಟ ಬೀಗದಕೈ ಹಿಡೀತಿಲ್ಲ."

"ಹೌದಾ?" ಅಂದೆ. ನಾಚಿಕೆ ಬಿಟ್ಟವಳು. "ನೋಡ್ತೀನಿ ಇರಿ." ಜೇಬಿನಲ್ಲಿ ಬೀಗದಕೈ ಇಟ್ಟುಕೊಂಡು ಹುಡುಕುವವಳ ಹಾಗೆ ಡ್ರಾಯರ್ ಎಳೆದು ಸದ್ದು ಮಾಡಿದೆ. "ಇಲ್ಲೇ ಇದೆ. ಅದಲು ಬದಲಾಗಿದೆ."

"ಸರಿ ಹಾಗಾದ್ರೆ, ಅಂಚೆಲಿ ಕಳಿಸಿಬಿಡಿ."

"ಅಂಚೆಲಿ ಕಳಿಸೋ ಹಾಗಿಲ್ಲ ಬೋಸ್ಮಾ ಅವ್ರೇ. ಬಂದೂಕಿನ ಬೀಗದಕೈ ಅದು, ದಾರೀಲಿ ಕಳೆದ್ಹೋದ್ರೆ? ಕಾನೂನು ಒಪ್ಪಲ್ಲ. ಬಂದೂಕು ಇಲ್ಲಿಗೆ ತಂದ್ರೆ ನಾನೇ ತೆಗೆದುಕೊಡ್ತೀನಿ."

ಅಂಥ ಕಾನೂನು ಎಲ್ಲಿದೆಯೋ ನನಗೂ ಗೊತ್ತಿಲ್ಲ. ಅವನ ಊರಿಂದ ಇಲ್ಲಿಗೆ ಬೆಳಿಗ್ಗೆ ಹೊರಟರೆ ಸಂಜೆ. ಬೈಯುತ್ತಾನೆ, ದುಡ್ಡು ವಾಪಸು ಕೊಡಿ ಅನ್ನುತ್ತಾನೆ, ಕೊಟ್ಟು ಬಂದೂಕು ಇಟ್ಟುಕೊಂಡರಾಯಿತು ಎಂದು ಲೆಕ್ಕ ಹಾಕಿದ್ದೆ. 

"ನಾನು ಅಲ್ಲಿಗೆ ಬರಬೇಕು ಅಂತೀರಾ?"

"ಬನ್ನಿ."

"ಸರಿ. ನವೆಂಬರ್ ಹದಿನೈದಕ್ಕೆ ಬೇಟೆ ಶುರುವಾಗೋ ಮುಂಚೆ ಬರ್ತೀನಿ."

ಬೈಯಲೇ ಇಲ್ಲ. ಭೂತಗಳ ಮರ್ಮ ತಿಳಿಯುವುದಿಲ್ಲ.

ಅಕ್ಟೋಬರ್ ೧೩, ಭಾನುವಾರ



ಬೋಸ್ಮಾ ಮತ್ತೆ ಫೋನು ಮಾಡಿದ. ಹೇಗಿದ್ದೀರಿ, ಅಲ್ಲಿ ಎಲೆ ಉದುರಿತಾ ಎಂದೆಲ್ಲ ಕೇಳಿ, "ಅಂದ ಹಾಗೆ, ಹೇಗೂ ಬೀಗ ಬಿದ್ದು ಸುಮ್ನೆ ಕೂತಿದೆಯಲ್ಲ, ಈ ವಾರ ಮರಕ್ಕೆಲ್ಲ ಉಪ್ಪುಕಾಗದ ಹಾಕಿ ಉಜ್ಜಿ ಹೊಸದಾಗಿ ವಾರ್ನಿಶ್ ಹೊಡೆಯೋಣ ಅಂತಿದ್ದೀನಿ. ಒಂದು ಕಡೆ ಪೂರಾ ಸವೆದ್ಹೋಗಿದೆ" ಅಂದ.

"ಮುಟ್ಟಬೇಡಿ!"

ಕಿರುಚಿದೆ. ಆ ದನಿ ನನ್ನದೇ ಎಂದು ನಂಬಲು ಒಂದು ಕ್ಷಣ ಹಿಡಿಯಿತು.

"ಮೇಡಂ?"

"ಮುಟ್ಟಬೇಡಿ ಅದನ್ನ. ದಯವಿಟ್ಟು. ಉಪ್ಪುಕಾಗದ ಮುಟ್ಟಿಸ್ಬೇಡಿ."

"ಇಲ್ಲ, ಮುಟ್ಟಿಸಲ್ಲ," ಅಂದ, ಬೆದರಿದ ಕುದುರೆಗೆ ಹೇಳುವ ದನಿಯಲ್ಲಿ. "ಯಾರದ್ದಿತ್ತು ಅದು?"

"ನನ್ನ ಗಂಡಂದು."

"ಅವ್ರು..."

"ಏಪ್ರಿಲ್ನಲ್ಲಿ."

 ಅವನ ಮನೆಯ ಗೋಡೆ ಗಡಿಯಾರದ ಸದ್ದು ನನಗೆ ಕೇಳುತ್ತಿತ್ತು.

"ಅವತ್ತು ನೀವು ಹೇಳ್ಲಿಲ್ಲ."

"ಹೇಳಿದ್ರೆ ಕೊಳ್ತಿದ್ರಾ?"

"ಇಲ್ಲ."

"ಅದಕ್ಕೇ ಹೇಳ್ಲಿಲ್ಲ. ಅವತ್ತು ಅದು ಮನೆ ಬಿಟ್ಟು ತೊಲಗಿದ್ರೆ ಸಾಕಿತ್ತು ನಂಗೆ."

"ಈಗ?"

ಈಗ ಅದು ವಾಪಸು ಬೇಕು ಅನ್ನಲು ಬಾಯಿ ಬರಲಿಲ್ಲ. ಅಂಗಡಿಗೆ ಯಾರೋ ಬಂದರು ಎಂದು ಫೋನಿಟ್ಟೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಬಾಗಿಲ ಮೇಲಿನ ಹಲಗೆ ಅವನೂ ಓದಿರುತ್ತಾನೆ.

ಅಕ್ಟೋಬರ್ ೨೦, ಭಾನುವಾರ

ಮತ್ತೆ ಫೋನು. ಉಪ್ಪುಕಾಗದ ಕಸಕ್ಕೆ ಹಾಕಿದ್ದೇನೆ ಎಂದು ಹೇಳಲು ಮಾಡಿದನಂತೆ. ಅದು ಹೇಳಿ ಮುಗಿದ ಮೇಲೂ ಮಾತು ಮುಗಿಯಲಿಲ್ಲ.

ಶಾಲೆಯ ಬಸ್ಸು ಓಡಿಸುತ್ತಿದ್ದ, ಈಗ ನಿವೃತ್ತಿ. ಹೆಂಡತಿ ಬಿಟ್ಟುಹೋಗಿ ಬಹಳ ಕಾಲವಾಯಿತಂತೆ, "ಅವಳದ್ದೇನೂ ತಪ್ಪಿಲ್ಲ" ಎಂದ. ಭಾವಮೈದುನನ ಹೊಲದಂಚಿನ ಕಾಡಿನಲ್ಲಿ ಪ್ರತಿ ವರ್ಷ ಬೇಟೆಗೆ ಹೋಗುತ್ತಿದ್ದವರು. ಭಾವಮೈದುನ ತೀರಿಕೊಂಡ, ಮಕ್ಕಳು ಹೊಲ ಮಾರಿದರು, ಜಿಂಕೆ ನೀರು ಕುಡಿಯುತ್ತಿದ್ದ ಕಡೆ ಈಗ ಮನೆಗಳ ಸಾಲು. ಹೋಗಲು ಜಾಗವಿಲ್ಲದೆ ಎರಡು ನವೆಂಬರ್ ಮನೆಯಲ್ಲೇ ಕೂತನಂತೆ.

"ಮತ್ತೆ ಬಂದೂಕು ಯಾಕೆ ಕೊಂಡ್ರಿ?"

"ಅದನ್ನೇ ನಾನೂ ಕೇಳ್ಕೋತಿದ್ದೀನಿ," ಎಂದು ನಕ್ಕ.

ನಮ್ಮ ಪ್ಯಾಸ್ಟಿಯ ಮೇಲೆ ಅವರ ಕಡೆ ಸಾರು ಸುರಿದುಕೊಂಡು ತಿನ್ನುತ್ತಾರಂತೆ. ಹಿಟ್ಟಿನ ಹೊದಿಕೆಯೊಳಗೆ ಮಾಂಸ, ಆಲೂಗಡ್ಡೆ, ಹಳದಿ ಗೆಡ್ಡೆ ತುಂಬಿ ಗರಿಗರಿಯಾಗಿ ಬೇಯಿಸಿದ್ದನ್ನು ಸಾರಿನಲ್ಲಿ ಮುಳುಗಿಸುವುದೇ! ಚೆನ್ನಾಗಿ ಬೈದೆ. ಸುಲೊ ಇದ್ದಿದ್ದರೆ ಫೋನು ಕಿತ್ತುಕೊಂಡು ಇನ್ನೂ ಎರಡು ಬೈಯುತ್ತಿದ್ದ.

ಅಕ್ಟೋಬರ್ ೨೭, ಭಾನುವಾರ

ಫೋನು ಬರಲಿಲ್ಲ. ಬರಬೇಕು ಎಂದೇನೂ ಇಲ್ಲ. ಅಂಗಡಿಯ ಮೇಜು ಒರೆಸಿದೆ, ಸುಮ್ಮನೆ ಕೂತಿರುವ ಬದಲು.

ಅಕ್ಟೋಬರ್ ೩೦, ಬುಧವಾರ

ಗುಂಡು, ಬೀಗ ಎಲ್ಲ ತಂದು ಕೊಡುವ ಏಜೆಂಟು ಬಂದಿದ್ದ. ಬೀಗದ ಹೊಸ ಡಬ್ಬಿ ಬೇಕು ಅಂದೆ.

"ದೊಡ್ಡದಾ? ಜನವರಿಗೆ ಮುಚ್ತೀರಿ ಅಂತಿದ್ರಲ್ಲ ಲೋರ್ನಕ್ಕ."

ಹೌದು, ಪರವಾನಗಿ ಸುಲೋನ ಹೆಸರಿನದು. ಅದರ ಅವಧಿ ಮುಗಿಯುವವರೆಗೆ ಹೆಂಡತಿ ನಡೆಸಬಹುದು, ಆಮೇಲೆ ನನ್ನ ಹೆಸರಿಗೆ ಹೊಸದು ಮಾಡಿಸಬೇಕು ಇಲ್ಲವೇ ಬಾಗಿಲು ಹಾಕಬೇಕು. ದೊಡ್ಡದನ್ನೇ ಕೊಡು ಎಂದು ಬಾಯಿಗೆ ಬಂತು. ಅಭ್ಯಾಸ ಬಲ. ನೋಟಿಸನ್ನೂ ಮೊಳೆ ಹೊಡೆದು ನೆಟ್ಟಗೆ ಮಾಡಿದೆ, ನೋಡಿ ನೋಡಿ ಕುತ್ತಿಗೆ ನೋಯುತ್ತಿತ್ತು.

ನವೆಂಬರ್ ೨, ಶನಿವಾರ

ಮೊದಲ ಹಿಮ. ಭಾವ ಸೌನಾಕ್ಕೆ ಕೇಳಿದರು, ಚಳಿ ಇತ್ತು, ಹಾಕಿ ಅಂದೆ. ಅವರು ಕಟ್ಟಿಗೆ ತರಲು ಹೋದರು, ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು. ಹೊಗೆ ಅಂದರು. ಒಲೆ ಇನ್ನೂ ಹೊತ್ತಿಸಿರಲಿಲ್ಲ.

ಮೈಯೆಲ್ಲ ಬೆವರಿ ಹಗುರಾದ ಮೇಲೆ, ಏಲಕ್ಕಿ ಬ್ರೆಡ್ಡು, ಕಾಫಿ ಮುಂದಿಟ್ಟುಕೊಂಡು ಬೀಗದಕೈ ಕತೆ ಹೇಳಿಬಿಟ್ಟೆ. ಭಾವ ಬ್ರೆಡ್ಡು ಗಂಟಲಿಗೆ ಸಿಕ್ಕುವಷ್ಟು ನಕ್ಕರು.

"ಒಂದು ಇಕ್ಕಳ ಸಾಕಲ್ಲೇ ಅದಕ್ಕೆ! ಕಚಕ್ ಅಂದ್ರೆ ಹೋಯ್ತು!"

"ಅವ್ರಿಗೆ ಅದು ಹೊಳೆದಿಲ್ಲ ಭಾವ."

"ಹೊಳೆದಿಲ್ವಂತೆ! ಬಸ್ ಓಡಿಸ್ತಿದ್ದೋನು ಅಂತೀಯ. ತಂತಿ ಕತ್ತರಿಸೋಕೆ ಬರದ ಗಂಡಸು ಯಾವನೇ?" ನಗು ನಿಲ್ಲಿಸಿ ನನ್ನನ್ನೇ ನೋಡಿದರು. "ವಾಪಸ್ ಕೇಳ್ತೀಯಾ?"

"ಕೇಳ್ತೀನಿ."

"ಕೊಡದಿದ್ರೆ?"

 ಅವನು ದುಡ್ಡು ಕೊಟ್ಟಿದ್ದಾನೆ, ಸಹಿ ಹಾಕಿದ್ದಾನೆ, ಬಂದೂಕು ಅವನದು. ಬೀಗ ತೆಗೆದ ಮರುಗಳಿಗೆಯಿಂದ ಅವನು ಕೆನ್ನೆ ಇಟ್ಟು ಇಟ್ಟು ಅಲ್ಲಿನ ಸುಲೋನನ್ನು ಅಳಿಸಿಹಾಕುತ್ತಾನೆ. ಬೇರೊಬ್ಬನ ಗಡ್ಡ, ಬೇರೊಬ್ಬನ ಬೆವರು. ಕೊಡದಿದ್ದರೆ ನಾನು ಏನು ಮಾಡಲಿ?

ನವೆಂಬರ್ ೧೦, ಭಾನುವಾರ

ಬೋಸ್ಮಾನ ಫೋನು. ಗುರುವಾರ ಬರುತ್ತಾನಂತೆ. ಹಿಂದಿನ ಎರಡು ಭಾನುವಾರ ಜ್ವರ ಬಂದು ಮಲಗಿದ್ದನಂತೆ. ಒಂದು ಮಾತು ಹೇಳಿ ಕಳಿಸಲು ಏನಾಗಿತ್ತು ಅಂದೆ. ಯಾರ ಕೈಲಿ ಹೇಳಿಕಳಿಸಲಿ ಎಂದ. ಅದೂ ನಿಜವೇ.

ಸುಲೊ, ಗುರುವಾರ ಅದು ಬರುತ್ತದೆ. ನಿನ್ನ ಜಾಗಕ್ಕೆ ಒಂದು ಸಲ ಕೆನ್ನೆ ಇಡುತ್ತೇನೆ. ಆಮೇಲೆ ಗೂಟದ ಮೇಲೆ ಇಡುತ್ತೇನೆ, ಇನ್ನು ಯಾರೂ ಇಳಿಸುವುದಿಲ್ಲ. ನಿನ್ನನ್ನು ಎಷ್ಟು ನೆನೆಯುತ್ತೇನೆ ಎಂದು ಇಲ್ಲಲ್ಲದೆ ಎಲ್ಲೂ ಹೇಳಲು ಆಗುವುದಿಲ್ಲ. ಅಂಗಡಿಯಲ್ಲಿ ಅತ್ತರೆ ಗಿರಾಕಿಗಳು ಗಾಳ ನೋಡುವವರ ಹಾಗೆ ನಟಿಸುತ್ತಾರೆ, ಪಾಪ.

ನವೆಂಬರ್ ೧೩, ಬುಧವಾರ

ಊರೆಲ್ಲ ಬೇಟೆಗಾರರ ಕಿತ್ತಳೆ ಬಣ್ಣದ ಅಂಗಿ. ಗುಂಡಿನ ಪೆಟ್ಟಿಗೆ ಎತ್ತಿಕೊಟ್ಟು ಎತ್ತಿಕೊಟ್ಟು ಭುಜ ನೋಯುತ್ತಿದೆ. ಪ್ಯಾಸ್ಟಿ ಮಾಡಿದೆ, ಜಾಸ್ತಿಯೇ ಆಯಿತು. ನಾಳೆ.

ನವೆಂಬರ್ ೧೪, ಗುರುವಾರ

ಮೂರು ಗಂಟೆ ಹೊತ್ತಿಗೆ ಬಂದ. ಬೂಟಿನ ಹಿಮ ಕೊಡವಿ, ಟೋಪಿ ತೆಗೆದು ನಿಂತ. ಈ ಸಲ ಮುಖ ನೋಡಿದೆ. ಉದ್ದ ಮೂಗು, ಹೆದರಿದ ಕಣ್ಣು. ಪೆಟ್ಟಿಗೆ ಮೇಜಿನ ಮೇಲಿಟ್ಟು ಮುಚ್ಚಳ ತೆರೆದು ಹಿಂದೆ ಸರಿದ.

ಬೀಗ ನಾನು ಹಾಕಿದ ಹಾಗೇ ಇತ್ತು. ಬೀಗದಕೈ ಹಾಕಿ ತಿರುಗಿಸಿದೆ, ಟಿಕ್ ಎಂದು ಬಿಟ್ಟುಕೊಂಡಿತು. ತಂತಿ ಎಳೆದೆ. ಒಳಗೆ ಗುಂಡಿಲ್ಲ ಎಂದು ನೋಡಿ ಕೊಂಡಿ ಮುಚ್ಚಿದೆ. 

"ಬೋಸ್ಮಾ ಅವ್ರೇ, ಒಂದು ನಿಮಿಷ ಇದನ್ನ ಹಿಡ್ಕೋಬಹುದಾ?"

"ಎಷ್ಟು ಹೊತ್ತಾದ್ರೂ," ಎಂದು ಗಾಳಗಳ ಕಡೆ ಹೋಗಿ, ನನಗೆ ಬೆನ್ನು ಮಾಡಿ ನಿಂತ.

ಕೆನ್ನೆ ಇಟ್ಟೆ. ಎರಡು ತಿಂಗಳಿಂದ ಬಯಸಿದ್ದನ್ನು ಮಾಡಿದೆ. ಸತ್ಯ ಬರೆಯಬೇಕಲ್ಲ, ತಣ್ಣಗಿತ್ತು. ನನ್ನ ಕತ್ತು ಗಿಡ್ಡ, ಕೆನ್ನೆ ಅವನ ಜಾಗಕ್ಕೆ ಸೇರದೆ ಮುಂದೆ ಮುಂದೆ ಕೂರುತ್ತಿತ್ತು. ಕತ್ತು ಚಾಚಿ ಹೊಂದಿಸಿಕೊಂಡೆ. ಎಣ್ಣೆಯ ವಾಸನೆ, ಯಾರದೋ ಗ್ಯಾರೇಜಿನ ವಾಸನೆ. ಸುಲೊ ಇರಲಿಲ್ಲ. ಮರ ಇತ್ತು. ಕಣ್ಣು ಮುಚ್ಚಿ ಕಾದೆ, ಮರವೇ ಇತ್ತು. ಅಳು ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ. ಬೋಸ್ಮಾ ತಿರುಗಲಿಲ್ಲ.

ಮುಖ ಒರೆಸಿಕೊಂಡು ಕಾಫಿ ಬಗ್ಗಿಸಿದೆ, ಪ್ಯಾಸ್ಟಿ ಕೊಟ್ಟೆ. ಸಾರು ಕೇಳಲಿಲ್ಲ, ಬುದ್ಧಿವಂತ.

"ನಿಮಗೆ ಒಂದು ಸುಳ್ಳು ಹೇಳಿದ್ದೆ," ಅಂದೆ. "ಬೀಗದಕೈ ಅಂಚೆಲಿ ಕಳಿಸಬಹುದಿತ್ತು. ಅಷ್ಟೇ ಯಾಕೆ, ಆ ತಂತೀನ ನೀವೇ ಇಕ್ಕಳದಲ್ಲಿ ಕತ್ತರಿಸಬಹುದಿತ್ತು."

"ಗೊತ್ತು ಮೇಡಂ. ಗ್ಯಾರೇಜಲ್ಲಿ ಅಂಥ ಇಕ್ಕಳ ಮೂರಿವೆ."

"ಮತ್ತೆ?"

ಪ್ಯಾಸ್ಟಿಯ ಪುಡಿಯನ್ನು ಬೆರಳಿನಿಂದ ಒಂದು ಕಡೆ ಸೇರಿಸುತ್ತ ಕೂತ. "ಬನ್ನಿ ಅಂದ್ರಿ. ನನ್ನನ್ನ ಯಾರೂ ಎಲ್ಲಿಗೂ ಬನ್ನಿ ಅಂದು ಬಹಳ ದಿನ ಆಗಿತ್ತು. ಕತ್ತರಿಸಿದ್ರೆ ಬರೋಕೆ ಕಾರಣ ಇರ್ತಿರ್ಲಿಲ್ಲ." ಆಮೇಲೆ ಬಂದೂಕಿನ ಕಡೆ ನೋಡಿ, "ಇದನ್ನ ನಿಮಗೆ ಬಿಟ್ಟುಹೋಗೋಕೇ ಬಂದಿದ್ದೀನಿ. ಕೇಳೋಕೆ ನಿಮಗೆ ಆಗ್ತಿಲ್ಲ ಅಂತ ಫೋನಲ್ಲೇ ಗೊತ್ತಾಯ್ತು. ಹೋಗೋ ಮುಂಚೆ ಒಂದ್ಸಲ ಭುಜಕ್ಕೆ ಏರಿಸಿ ನೋಡ್ಲಾ? ಅವತ್ತು ನೀವು ಬಿಡ್ಲಿಲ್ಲ."

ನೋಡಿ ಅಂದೆ. ಎದ್ದು ಹಿಂದಿನ ಕಿಟಕಿಯ ಕಡೆ ತಿರುಗಿ ಎತ್ತಿದ. ಎಡಭುಜಕ್ಕೆ.

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಎಡಚ. ಅವನ ಎಡಗೆನ್ನೆ ಮರದ ಬಲಮಗ್ಗುಲಿಗೆ, ವಾರ್ನಿಶ್ ಇನ್ನೂ ಹೊಳೆಯುವ ಕಡೆಗೆ ಒರಗಿತ್ತು. ಸುಲೋನ ಮಗ್ಗುಲು ಹೊರಗೆ, ನನ್ನ ಕಡೆಗೆ ತಿರುಗಿತ್ತು. ಯಾರೂ ತಾಗಿರಲಿಲ್ಲ. ಅವನು ಸಾಯುವವರೆಗೆ ಇದರಲ್ಲಿ ಬೇಟೆಯಾಡಿದರೂ ಅದು ಹಾಗೇ ಇರುತ್ತದೆ.

"ಎಡಚನಿಗೆ ಬೇರೆ ಬಂದೂಕು ಹೊಂದೋದು ಕಷ್ಟ," ಎಂದ, ಕ್ಷಮೆ ಕೇಳುವವನ ಹಾಗೆ. "ಈ ಕೊಂಡಿಯದಾದ್ರೆ ಯಾವ ಕೈ ಆದ್ರೂ ನಡೆಯುತ್ತೆ. ಅದಕ್ಕೇ ಅವತ್ತು ಬೇರೆ ನೋಡ್ಲಿಲ್ಲ."

ಬಂದೂಕು ಕೆಳಗಿಟ್ಟು ನನ್ನ ಕಡೆ ತಳ್ಳಿದ. ನಾನು ವಾಪಸು ತಳ್ಳಿದೆ.

"ಬೇಡ?"

"ಗೂಟದ ಮೇಲೆ ಇಟ್ರೆ ಅದು ಬರೀ ಮರ ಬೋಸ್ಮಾ ಅವ್ರೇ. ಈಗ ತಾನೇ ನೋಡಿದ್ನಲ್ಲ. 'ಈಗ ನೀವು ತೆಗೀರಿ.'"

ಕಣ್ಣು ಕಣ್ಣು ಬಿಟ್ಟ. ಸುಲೋನ ಪದ್ಧತಿಯಂತೆ ಬೀಗ ಹಾಕಿ ಮುಂದಿಟ್ಟೆ. ಬೀಗದಕೈ ಕೊಟ್ಟೆ. ತೆಗೆದ, ಮತ್ತೆ ಹಾಕಿ ತೋರಿಸಿದ. ಸರಿ, ಈಗ ಮಾರಾಟ ಮುಗಿಯಿತು ಅಂದೆ.

ಆಮೇಲೆ ಭಾವನಿಗೆ ಫೋನು ಮಾಡಿದೆ. "ಭಾವ, ಸುಲೋನ ಮಂಚಕ್ಕೆ ಹಾಸಿಗೆ ಹಾಕಿಡಿ. ಒಬ್ರು ಬರ್ತಾರೆ."

"ಯಾರು? ಆ ಭೂತಾನಾ? ತಲೆ ಕೆಟ್ಟಿದ್ಯಾ ನಿಂಗೆ? ಪದ್ಧತಿ ಅಂತ ಒಂದಿದೆ!"

"ಪದ್ಧತಿ ಸತ್ತೋನ ಹೆಂಡ್ತಿ ಬೇಡ ಅಂದ್ರೆ ಬಿಡಬಹುದು."

"ಅಂತ ಯಾರು ಹೇಳಿದ್ರು?"

"ನಾನು ಹೇಳ್ತಿದ್ದೀನಿ. ಬಂದೂಕು ಅದೇ ಬರುತ್ತೆ ಭಾವ. ನಿಮ್ಮಪ್ಪಂದು. ದಿಬ್ಬದ ಮೇಲಿನ ಸುಲೋನ ಅಟ್ಟಣೆ ತೋರಿಸಿ."

ಭಾವ ಒಂದು ಸಲ ಕೆಮ್ಮಿದರು. ಆಮೇಲೆ, "ಇಸ್ಪೀಟು ಬರುತ್ತಾ ಅವನಿಗೆ?"

ಬೋಸ್ಮಾನನ್ನು ಕೇಳಿದೆ. ಬರುತ್ತೆ, ಆದರೆ ಯಾವಾಗಲೂ ಸೋಲುತ್ತೇನೆ ಎಂದ. ಅದನ್ನೇ ಹೇಳಿದೆ. "ಹಾಗಾದ್ರೆ ಕಳ್ಸು," ಎಂದು ಫೋನಿಟ್ಟರು.

ಉಳಿದ ಪ್ಯಾಸ್ಟಿಯನ್ನೆಲ್ಲ ಕಟ್ಟಿ ಕೊಟ್ಟೆ. ದಾರಿ ಬರೆದುಕೊಟ್ಟೆ. ಅವನ ಗಾಡಿಯ ಹಿಂದಿನ ದೀಪ ತಿರುವಿನಲ್ಲಿ ಮರೆಯಾದ ಮೇಲೆ, ಇದೇನು ಮಾಡಿದೆ, ಬಂದದ್ದನ್ನು ಮತ್ತೆ ಕಳಿಸಿದೆನಲ್ಲ ಎಂದು ಖಾಲಿ ಗೂಟಗಳ ಕೆಳಗೆ ಬಂದು ನಿಂತೆ. 

ನವೆಂಬರ್ ೧೫, ಶುಕ್ರವಾರ

ಬೆಳಕು ಹರಿಯುವ ಮುಂಚೆಯೇ ಎದ್ದೆ. ಕಾಫಿ ಹಿಡಿದು ದಪ್ಪ ಕೋಟು ಹೊದ್ದು ಹಿಂದಿನ ಮೆಟ್ಟಿಲ ಮೇಲೆ ಕೂತೆ. ಹಿಮದ ಮೇಲೆ ಗಾಳಿ ಇರಲಿಲ್ಲ. ಆರೂವರೆ ಕಳೆದು ಬೂದುಬಣ್ಣದ ಬೆಳಕಾಗುತ್ತಲೇ ಸುತ್ತ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಶುರುವಾದವು. ಈಗಿನ ಬಂದೂಕುಗಳು, ಚಟ್ ಚಟ್ ಎಂದು ಬೆತ್ತ ಬೀಸಿದ ಹಾಗೆ ಚೂಪಾದ ಸದ್ದು. ಒಂದಕ್ಕೂ ನಾನು ತಲೆ ಎತ್ತಲಿಲ್ಲ.

ಆಮೇಲೆ ದಿಬ್ಬದ ಕಡೆಯಿಂದ ಅದು ಬಂತು. ದಪ್ಪ ಸದ್ದು, ನಿಧಾನದ್ದು, ಜೌಗು ದಾಟಿ ಬಂದು ಮನೆಯ ಗೋಡೆಗೆ ತಾಗಿ ನಿಂತಿತು. ನಲವತ್ತು ನವೆಂಬರ್ ಇದೇ ಮೆಟ್ಟಿಲ ಮೇಲೆ ಕೇಳಿದ್ದೇನೆ, ನೂರು ಬಂದೂಕಿನ ನಡುವೆ ಗುರುತು ಹಿಡಿಯುತ್ತೇನೆ. ಸುಲೊ! ಲೋಟ ಬಿಟ್ಟು ಎದ್ದು ನಿಂತಿದ್ದೆ. ಸುಲೊ ಹೊಡೆದ. ಇನ್ನು ಸ್ವಲ್ಪ ಹೊತ್ತಿಗೆ ಜಿಂಕೆಯ ಕಲೀಜ ಹಿಡಿದು ಬರುತ್ತಾನೆ, ಬಾಣಲೆ ಇಡಬೇಕು, ಈರುಳ್ಳಿ ಹೆಚ್ಚಬೇಕು ಎಂದು ಕಾಲು ಅಡುಗೆಮನೆಯ ಕಡೆ ತಿರುಗಿಯೇಬಿಟ್ಟಿತು.

ಆಗ ಎರಡನೆಯದು. ಅದರ ಹಿಂದೆಯೇ ಮೂರನೆಯದು.

ಸುಲೊ ಎಂದೂ ಒಂದಕ್ಕಿಂತ ಹೆಚ್ಚು ಹೊಡೆದವನಲ್ಲ. ಬೋಸ್ಮಾ ತಪ್ಪಿಸಿದ್ದ. ಮತ್ತೆ ಮತ್ತೆ ತಪ್ಪಿಸಿದ್ದ. ಕ್ಯಾಂಪಿನಲ್ಲಿ ಭಾವ ಇವತ್ತು ಆ ಮನುಷ್ಯನನ್ನು ಸುಮ್ಮನೆ ಬಿಡುವುದಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕೆ. ನಗುವಿನ ನಡುವೆ ಕಣ್ಣೀರೂ ಬಂತು, ಒರೆಸಿಕೊಳ್ಳಲಿಲ್ಲ.

ಮೊದಲ ಗುಂಡಿಗೂ ಎರಡನೆಯದಕ್ಕೂ ನಡುವೆ ಇದ್ದಷ್ಟು ಹೊತ್ತು ಸುಲೊ ಬದುಕಿದ್ದ. ಅಷ್ಟೇ ಸಾಕು ಎಂದು ಬರೆದರೆ ಸುಳ್ಳಾಗುತ್ತದೆ. ಸಾಲದು. ಆದರೂ ಒಳಗೆ ಹೋಗಿ ಈರುಳ್ಳಿ ಹೆಚ್ಚಿದೆ.